ಅಳುವುದಕ್ಕೊಂದು ಅಪ್ಪಣೆ

ಚಿಗಳ್ಳಿ, ತಾ. ಮುಂಡಗೋಡ
೯ ಜನವರಿ ೧೯೬೮

ಅಣ್ಣ ಶಂಕ್ರಪ್ಪನಿಗೆ,

ಇತ್ತ ನಾವೆಲ್ಲ ಕ್ಷೇಮ ಎಂದು ಮೊದಲ ಸಾಲು ಬರೆಯಬೇಕು. ಬರೆಯುವುದಿಲ್ಲ. ಕ್ಷೇಮವಾಗಿದ್ದರೆ ನಿನಗೆ ಯಾಕೆ ಕಾಗದ ಬರೆಯುತ್ತಿದ್ದೆ? ನೀನು ದಾಂಡೇಲಿಯಲ್ಲಿ ಬಸ್ಸು ಹತ್ತಿಸಿ ಕಳಿಸಿದ ಅವ್ವ ಬಂದು ಮುಟ್ಟಿದಳು. ಮುಂಡಗೋಡದಿಂದ ನಮ್ಮವರು ಚಕ್ಕಡಿಯಲ್ಲಿ ಕರೆತಂದರು. ಮನೆಗೆ ಬಂದದ್ದು ನಮ್ಮ ಅವ್ವನೋ ಮತ್ತೊಬ್ಬರೋ ಎಂದು ನನಗೆ ಸಂಶಯ.

ತಮ್ಮ ಗೂಳಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅವ್ವ ಬಂದ ಸುದ್ದಿ ತಿಳಿದು ಓಣಿಯ ಹೆಣ್ಣುಮಕ್ಕಳೆಲ್ಲ ಮಾತಾಡಿಸಲು ಬಂದರು. ನಮ್ಮಲ್ಲಿ ಮಾತಾಡಿಸುವುದೆಂದರೆ ಏನು ಅಂತ ನಿನಗೂ ಗೊತ್ತು. ಬಂದವರು ತಾಯಿಯ ಕೊರಳಿಗೆ ಬೀಳಬೇಕು, ತಾಯಿ ಹಾಡ್ಯಾಡಿಕೊಂಡು ಅಳಬೇಕು. ಹುಟ್ಟಿದ್ದು, ಬೆಳೆದದ್ದು, ಉಂಡದ್ದು, ಕಡೆಗೆ ಹೇಗೆ ಹೋದ ಎಂಬುದು, ಎಲ್ಲ ಅದರಲ್ಲಿ ಬರಬೇಕು. ಆಗ ಕೇಳಿದವರಿಗೂ ತಿಳಿಯುತ್ತದೆ, ಹೇಳಿದವಳ ಎದೆಯೂ ಹಗುರಾಗುತ್ತದೆ. ಅವ್ವನಂಥ ಅಳುವವಳು ನಮ್ಮ ಸೀಮೆಯಲ್ಲಿ ಇನ್ನೊಬ್ಬಳಿಲ್ಲ. ಗೌಡರ ಮುದುಕಿ ಸತ್ತಾಗ ಸ್ವಂತ ಸೊಸೆಯಂದಿರಿಗೆ ಮಾತು ತೋಚದೆ, ಗುರುಬಸವ್ವನೇ ಬೇಕೆಂದು ಅವ್ವನನ್ನು ಕರೆಸಿ ಕೂಡ್ರಿಸಿದ್ದರು. ಅವ್ವ ಆ ಮುದುಕಿ ಸಾಕಿದ ಎಮ್ಮೆಗಳ ಹೆಸರು ಸಹಿತ ಬಿಡದೆ ಅತ್ತಳು.

ಅಂಥವಳು ಸ್ವಂತ ಮಗನಿಗೆ ಅಳುತ್ತಿಲ್ಲ. ಕಂಬ ನೋಡುತ್ತ ಕೂಡುತ್ತಾಳೆ. ಯಾರು ಕೇಳಿದರೂ "ಶಿವಾ ಕೊಟ್ಟಿದ್ದ, ಶಿವಾ ಒಯ್ದಾ" ಎಂದಿಷ್ಟೇ. ಊರಿನ ಬಾಯಿ ಸುಮ್ಮನಿರುತ್ತದೆಯೇ? ನಿನ್ನೆ ಆಚೆ ಮನೆಯ ಸಕ್ಕುಬಾಯಿ ಎಲ್ಲರ ಎದುರಿಗೇ, "ದಾಂಡೇಲಿ ಮಿಲ್ಲಿನ ಮಂದಿ ಭಾಳ ಕುಡಿತಾರಂತ. ಕುಡುದು ಎದಿ ನಿಂತಿರಬೇಕು, ಅದಕ್ಕ ಹೇಳಾಕ ನಾಚತಾಳ" ಎಂದಳು. ಗೂಳ್ಯಾ ಹೆಂಡದ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವವನು. ಅವ್ವ ಎದ್ದು ಆಕೆಯ ಜುಟ್ಟು ಹಿಡಿಯುತ್ತಾಳೆಂದು ನಾನು ಕಾದೆ. ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು.

ಮಣ್ಣಿಗೆ ಬಂದಾಗ ನಾನೂ ಕೇಳಿದ್ದೆ. ಎದೆ ನಿಂತಿತು ಎಂದೆ ನೀನು. ಕಾಲಿಗೆ ತಗಡು ಬಡಿದು ಕೀವಾಗಿ ದವಾಖಾನೆಗೆ ಹೋದ ಇಪ್ಪತ್ತಾರು ವರ್ಷದ ಹುಡುಗನ ಎದೆ ಯಾಕೆ ನಿಂತಿತು? ಅವ್ವನಿಗೆ ಏನು ಮಾಡಿದ್ದೀರಿ ನೀವು? ಉತ್ತರ ಬರೆ. ಬರೆಯದಿದ್ದರೆ ನಾನೇ ಬರುತ್ತೇನೆ, ಆಗ ನಿನ್ನ ಕಾಲೋನಿಯ ಮಂದಿಯೆಲ್ಲ ಕೇಳುವ ಹಾಗೆ ಕೇಳುತ್ತೇನೆ.

ನಿನ್ನ ತಂಗಿ
ನೀಲಕ್ಕ


ದಾಂಡೇಲಿ
೨೧ ಜನವರಿ ೧೯೬೮

ಚಿ. ಸೌ. ನೀಲಕ್ಕನಿಗೆ,

ನಿನ್ನ ಕಾಗದವೇ ಇಷ್ಟು ಗದ್ದಲ ಮಾಡಿತು, ನೀನು ಬರುವುದು ಬೇಡ. ಇದನ್ನು ಓದಿ ಒಲೆಗೆ ಹಾಕು. ನಿನ್ನ ಗಂಡ ಅಂದಾನೆಪ್ಪನವರಿಗೂ ಹೇಳಬೇಡ. ಅವರು ಒಳ್ಳೆಯವರು, ಆದರೆ ಅವರ ಬಾಯಿಗೂ ಅವರ ರೇಡಿಯೋಕ್ಕೂ ಬಹಳ ವ್ಯತ್ಯಾಸವಿಲ್ಲ.

ಆ ದಿನ ನಾನು ಮಿಲ್ಲಿನ ಬಿದಿರಿನ ಲಾರಿಗಳ ಜೊತೆ ಜೊಯಿಡಾ ಕಾಡಿನಲ್ಲಿದ್ದೆ. ಗೂಳಪ್ಪನನ್ನು ಅವ್ವನೇ ಹಳಿಯಾಳದ ಆ ಖಾಸಗಿ ದವಾಖಾನೆಗೆ ಕರೆದೊಯ್ದಳು. ಡಾಕ್ಟರರು ಪೆನ್ಸಿಲಿನ್ ಸೂಜಿ ಬರೆದರು. ಹಿಂದೆ ಕೋಗಿಲಬನದಲ್ಲಿ ಕಂಪೌಂಡರ್ ಅದೇ ಸೂಜಿ ಚುಚ್ಚಿದಾಗ ಅವನ ಮೈತುಂಬ ದದ್ದು ಎದ್ದು, ನಾಲಿಗೆ ಬಾತು, ಸಾಯುವ ಹಾಗಾಗಿದ್ದ. ಅವ್ವ ಅದನ್ನು ಹೇಳಿದಳು. ನರ್ಸಿಗೆ ಹೇಳಿದಳು, ಡಾಕ್ಟರರಿಗೂ ಕೈಮುಗಿದು ಹೇಳಿದಳು. ಡಾಕ್ಟರರಿಗೆ ಎಲ್ಲಿಗೋ ಹೋಗುವ ಗಡಿಬಿಡಿ ಇತ್ತಂತೆ. ಸ್ವಲ್ಪ ಚುಚ್ಚಿ ಒಗ್ಗುತ್ತದೋ ಇಲ್ಲವೋ ನೋಡುವ ಪದ್ಧತಿ ಇದೆಯಲ್ಲ, ಅದನ್ನೂ ಮಾಡಲಿಲ್ಲ. ಅವ್ವನನ್ನು ಹೊರಗೆ ನಿಲ್ಲಿಸಿ ಪೂರ್ತಿ ಸೂಜಿ ಕೊಟ್ಟರು. ಅವ್ವ ಬಾಗಿಲು ತಳ್ಳಿ ಒಳಗೆ ಹೋಗುವಷ್ಟರಲ್ಲಿ ಮುಗಿದಿತ್ತು.

ಮಿಲ್ಲಿನ ಚಿಮಣಿ ಹತ್ತಿ ತುದಿಯ ಕೆಂಪು ದೀಪ ಬದಲಿಸುತ್ತಿದ್ದವನು ನಮ್ಮ ತಮ್ಮ. ಆಕಾಶದ ಗೂಳಪ್ಪ ಎಂದು ಇಡೀ ದಾಂಡೇಲಿ ಕತ್ತೆತ್ತಿ ನೋಡುತ್ತಿತ್ತು. ಅವನಿಗೆ ಏನಾದರೂ ಆಗುವುದಿದ್ದರೆ ಅಲ್ಲಿಂದ ಬಿದ್ದು ಆಗುತ್ತದೆ ಎಂದು ನಾವೆಲ್ಲ ಹೆದರಿದ್ದೆವು. ನೆಲದ ಮೇಲೆ, ಮಂಚದ ಮೇಲೆ ಹೋದ.

ಹಳಿಯಾಳದ ಕಾಳಿನ ವ್ಯಾಪಾರಿ ಬಸಲಿಂಗಯ್ಯನವರು ದೊಡ್ಡವರು, ಎರಡೂ ಕಡೆಗೆ ಬೇಕಾದವರು. ಅವರು ನಡುವೆ ಬಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರು. ಕೋರ್ಟಿಗೆ ಹೋದರೆ ನಮ್ಮ ಸಾಕ್ಷಿ ಅವ್ವ ಒಬ್ಬಳು. ಡಾಕ್ಟರರ ಕಡೆ ಪದವಿಯವರು ನಾಲ್ಕು ಜನ. ಹೀಗಾಗಿ ಮಣ್ಣಿಗೆ ಮೊದಲೇ ಮಾತಾಗಿ, ಒಪ್ಪಂದದ ಕಾಗದವಾಯಿತು. ಗೂಳಪ್ಪನ ಹೆಂಡತಿ ಮಾಲವ್ವನ ಹೆಸರಿಗೆ, ಆಕೆಯ ತೊಡೆಯ ಮೇಲಿನ ಕೂಸಿಗಾಗಿ, ದವಾಖಾನೆಯವರು ಹಣ ಕೊಡುತ್ತಾರೆ. ಅರ್ಧ ಕೊಟ್ಟಿದ್ದಾರೆ, ಅಂಚೆ ಆಫೀಸಿನಲ್ಲಿದೆ. ಇನ್ನರ್ಧ ಬರುವ ದೀಪಾವಳಿಗೆ. ಪ್ರತಿಯಾಗಿ ಅವನು ಎದೆ ನಿಂತು ಸತ್ತ ಎಂದು ನಾವು ಒಪ್ಪಬೇಕು. ಸೂಜಿಯ ಮಾತನ್ನು ಮನೆಯವರು ಯಾರೂ ಎಲ್ಲಿಯೂ ಎತ್ತಬಾರದು. ಎತ್ತಿದರೆ ಹಣ ಹಿಂದಕ್ಕೆ.

ಅವ್ವನೂ ಹೆಬ್ಬೆಟ್ಟು ಒತ್ತಿದ್ದಾಳೆ. ಯಾರೂ ಆಕೆಯ ಕೈ ಹಿಡಿದು ಒತ್ತಿಸಲಿಲ್ಲ. ಮೊಮ್ಮಗಳ ಮುಖ ನೋಡಿದಳು, ಒತ್ತಿದಳು. ಈಗ ನಿನಗೂ ತಿಳಿಯಿತು, ನೀನೂ ಈ ಕಟ್ಟಳೆಗೆ ಒಳಗಾದೆ. ಸಕ್ಕುಬಾಯಿ ಏನಂದರೂ ಅನ್ನಲಿ. ಅನ್ನುವವರ ಬಾಯಿಯಿಂದ ನಮ್ಮ ಕೂಸಿನ ಹೊಟ್ಟೆ ತುಂಬುವುದಿಲ್ಲ.

ಇಂತಿ
ಶಂಕ್ರಪ್ಪ


ಚಿಗಳ್ಳಿ
೪ ಫೆಬ್ರುವರಿ ೧೯೬೮

ಅಣ್ಣ,

ಕಾಗದ ಒಲೆಗೆ ಹಾಕಿದೆ. ನಿನಗೆ ಬೈಯಬೇಕೆಂದು ಮೂರು ಸಲ ಲೆಕ್ಕಣಿಕೆ ಹಿಡಿದೆ. ಮಾಲವ್ವ ಕಣ್ಣ ಮುಂದೆ ಬಂದಳು, ಆ ಕೂಸು ಬಂತು, ಬಿಟ್ಟೆ.

ಅವ್ವನ ಹತ್ತಿರ ಕೂತು, ನನಗೆ ಎಲ್ಲ ಗೊತ್ತಾಯಿತು ಎಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಗೊತ್ತಾತಲಾ, ಸುಮ್ಮನಿರು" ಎಂದಳು. ಈ ಮನೆಯ ಬಾಗಿಲು ಹಾಕಿದ್ದೇನೆ, ನನ್ನ ಮುಂದಾದರೂ ಅಳು ಎಂದೆ. ಅದಕ್ಕೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಬಾಗಲಾ ಹಾಕ್ಕೊಂಡು ಅಳಾಕ ನಾ ಏನ ಕಳವು ಮಾಡೇನೇನು?"

ಉಣ್ಣುವುದು ಅರ್ಧ ರೊಟ್ಟಿಗೆ ಬಂದಿದೆ. ಎದೆಯ ಮೇಲೆ ಬೀಸುವ ಕಲ್ಲು ಇಟ್ಟ ಹಾಗಿದೆ ಎನ್ನುತ್ತಾಳೆ. ಮುಂಡಗೋಡದ ವೈದ್ಯರಿಗೆ ತೋರಿಸೋಣವೆಂದರೆ, ದವಾಖಾನೆ ಎಂಬ ಮಾತಿಗೇ ಎದ್ದು ಹಿತ್ತಲಿಗೆ ಹೋಗುತ್ತಾಳೆ. ಸಕ್ಕುಬಾಯಿಯ ಮಾತು ಈಗ ಓಣಿ ದಾಟಿ ಕೆರೆಯವರೆಗೆ ಹೋಗಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೂಳ್ಯಾನಿಗೆ ದಿನಾ ಹೆಂಡ ಕುಡಿಸುತ್ತಿದ್ದಾರೆ. ನಾನು ಮಾತಿಗೆ ಬಗ್ಗುವವಳಲ್ಲ, ಅದು ನಿನಗೆ ಗೊತ್ತು. ಈಗ ಗಂಟಲಲ್ಲಿ ಕಡಬು ಸಿಕ್ಕವರಂತೆ ಕೊಡ ತುಂಬಿಕೊಂಡು ಬರುತ್ತೇನೆ. ಬಸಲಿಂಗಯ್ಯನವರ ತಂಗಿ ಶಿವಗಂಗವ್ವ ಇದೇ ಊರಿನ ಸೊಸೆ, ನಮ್ಮ ಮನೆಗೆ ಮೂರನೆಯ ಮನೆ. ಅವಳಿಗೆ ಕೇಳಿದ್ದು ಸಂತೆಯ ದಿನ ಹಳಿಯಾಳಕ್ಕೆ ಮುಟ್ಟುತ್ತದೆ.

ನೀನು ಒಂದು ಕೆಲಸ ಮಾಡು. ಆ ದೊಡ್ಡವರ ಹತ್ತಿರ ಹೋಗಿ, ನಮ್ಮ ಅವ್ವನಿಗೆ ಅಳುವುದಕ್ಕೆ ಅಪ್ಪಣೆ ಕೊಡಿಸಿ ಎಂದು ಕೇಳು. ನಗಬೇಡ. ಕೋರ್ಟು ಬೇಡ, ಪೇಪರಿನವರು ಬೇಡ. ನಾಲ್ಕು ಹೆಂಗಸರ ನಡುವೆ ಒಮ್ಮೆ, ಒಂದೇ ಸಲ, ಮಗನಿಗೆ ಬಾಯಿ ಬಿಟ್ಟು ಅಳಲಿ. ಅಷ್ಟನ್ನು ಕಾಗದದಲ್ಲಿ ಸೇರಿಸಲು ಬರುವುದಿಲ್ಲವೇ?

ನೀಲಕ್ಕ


ಜೊಯಿಡಾ, ಬಿದಿರು ಡಿಪೋ
೨ ಮಾರ್ಚ್ ೧೯೬೮

ನೀಲಕ್ಕನಿಗೆ,

ನನ್ನನ್ನು ಬೇಸಿಗೆ ಮುಗಿಯುವವರೆಗೆ ಇಲ್ಲಿ ಹಾಕಿದ್ದಾರೆ. ಬಸ್ಸು ಬಂದರೆ ಟಪಾಲು, ಇಲ್ಲದಿದ್ದರೆ ಇಲ್ಲ, ಅದಕ್ಕೆ ತಡ. ಮಾಲವ್ವ ಮತ್ತು ಕೂಸು ದಾಂಡೇಲಿಯಲ್ಲಿ ನಿನ್ನ ಅತ್ತಿಗೆಯ ಜೊತೆಗಿದ್ದಾರೆ. ಕೂಸು ಗೋಡೆ ಹಿಡಿದು ನಿಲ್ಲುತ್ತಿದೆ.

ನೀನು ಹೇಳಿದಂತೆ ಹೋಗಿದ್ದೆ. ಬಸಲಿಂಗಯ್ಯನವರು ನಗಲಿಲ್ಲ. ಚಹಾ ತರಿಸಿದರು. ಡಾಕ್ಟರರೂ ಆ ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಅವರಿಗೂ ಮಕ್ಕಳಿದ್ದಾರೆ, ಹೆಸರು ಹೋದರೆ ಹೋದ ಹಾಗೆ ಎಂದರು. ಅದೂ ಸುಳ್ಳಲ್ಲ ಅನಿಸಿತು. ಅವ್ವನ ಮಾತು ತೆಗೆದೆ. ಚಹಾದ ಬಟ್ಟಲು ಕೆಳಗಿಟ್ಟು ಹೇಳಿದರು: "ಅಳಬ್ಯಾಡ ಅಂತ ನಾವೆಲ್ಲಿ ಬರಸೇವಪಾ? ಅಳಲಿ. ಮಾತಿಲ್ಲದಂಗ ಅಳಲಿ."

ಹೊರಗೆ ಬಂದು ಬಸ್ಸಿಗೆ ನಿಂತಾಗ ನನಗೆ ಅದರ ಅರ್ಥವಾಯಿತು. ನಾವು ಗಂಡಸರು ಕಾಗದ ಬರೆಯುವಾಗ ಅಳು ಎಂದರೆ ಕಣ್ಣೀರು ಎಂದುಕೊಂಡಿದ್ದೆವು. ನಮ್ಮ ಹೆಂಗಸರಿಗೆ ಅದು ಮಾತು ಎಂಬುದು ಆ ಹೊತ್ತಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆದರೂ ಕಾಗದ ಕಾಗದವೇ. ದೀಪಾವಳಿಯವರೆಗೆ ಅವ್ವನಿಗೆ ಸಮಾಧಾನ ಹೇಳು. ಆಮೇಲೆ ನೋಡೋಣ.

ಶಂಕ್ರಪ್ಪ


ಚಿಗಳ್ಳಿ
೩೧ ಮಾರ್ಚ್ ೧೯೬೮

ಅಣ್ಣ,

ಇದನ್ನು ನಿಧಾನವಾಗಿ ಕೂತು ಓದು. ದೀಪಾವಳಿಯವರೆಗೆ ಕಾಯುವ ಮಾತು ಮುಗಿಯಿತು.

ಮೊನ್ನೆ ಯುಗಾದಿ ಅಮಾವಾಸ್ಯೆ. ಸಾವಾದ ಮನೆಗೆ ವರ್ಷದ ಮೊದಲ ಹಬ್ಬದಲ್ಲಿ ಹೆಣ್ಣುಮಕ್ಕಳು ಬಂದು, ಕೂಡಿ ಅತ್ತು, ಬೆಲ್ಲ ಕೊಟ್ಟು ಬಾಯಿ ಸಿಹಿ ಮಾಡಿಸಿ ಹೋಗುವುದು ನಮ್ಮ ಓಣಿಯ ರೂಢಿ. ಸಂಜೆ ಎಲ್ಲರೂ ಬಂದರು. ಸಕ್ಕುಬಾಯಿ ಬಂದಳು, ಶಿವಗಂಗವ್ವನೂ ಬಂದಳು. ಎಲ್ಲರೂ ಅವ್ವನ ಸುತ್ತ ಕೂತರು, ಅವ್ವ ಕಂಬ ನೋಡಿದಳು. ಯಾರಿಗೂ ಏನು ಮಾಡಬೇಕೆಂದು ತಿಳಿಯದೆ ಬೆಲ್ಲದ ತಟ್ಟೆ ಕೈಯಿಂದ ಕೈಗೆ ತಿರುಗುತ್ತಿತ್ತು.

ಹೊರಗಿನ ಕಟ್ಟೆಯ ಮೇಲೆ ನಮ್ಮವರು ಧಾರವಾಡದ ರೇಡಿಯೋ ಹಚ್ಚಿದ್ದರು. ಎದ್ದು ಬಂದು ಬಾಗಿಲಲ್ಲಿ ನಿಂತು, ರಷ್ಯಾದ ಆ ಹುಡುಗ ಸತ್ತನಂತೆ ಎಂದರು. ಯಾವ ಹುಡುಗ ಅಂದರೆ, ಮನುಷ್ಯರಲ್ಲಿ ಮೊದಲು ಆಕಾಶಕ್ಕೆ ಹೋಗಿ ಭೂಮಿ ಸುತ್ತಿ ಬಂದವನು. ನಮ್ಮ ದೇಶಕ್ಕೂ ಬಂದು ಹಾರ ಹಾಕಿಸಿಕೊಂಡು ಹೋಗಿದ್ದನಲ್ಲ. ಆಗ ಪೇಪರಿನಲ್ಲಿ ಬಂದ ಅವನ ಫೋಟೋವನ್ನು ಗೂಳ್ಯಾ ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದ. "ಇಂವಾ ನಾನೂ ಒಂದ ಜಾತಿ ಅವ್ವಾ, ಮ್ಯಾಲ ಹೋಗವರು" ಎನ್ನುತ್ತಿದ್ದ. ಅವ್ವನಿಗೆ ಆ ನಗುವ ಮುಖ ಚೆನ್ನಾಗಿ ಗೊತ್ತು.

ಅವ್ವ ಕಂಬ ಬಿಟ್ಟು ನಮ್ಮವರ ಕಡೆ ತಿರುಗಿದಳು. ಮತ್ತೆ ಮೇಲೆ ಹೋಗಿದ್ದನೇ ಎಂದು ಕೇಳಿದಳು. ಇಲ್ಲ, ಸಾದಾ ವಿಮಾನ, ದಿನದ ಅಭ್ಯಾಸಕ್ಕೆ ಹೋಗಿದ್ದ, ಬಿತ್ತು ಎಂದರು ಇವರು.

"ಅಷ್ಟ ಎತ್ತರ ಹೋಗಿ ಬಂದಾವಾ, ಇಷ್ಟ ಎತ್ತರದಿಂದ ಬಿದ್ದು ಸತ್ತನ? ಯಾಕ ಬಿತ್ತಂತ?"

"ಅದನ್ನ ಹೇಳಿಲ್ಲತ್ತಿ."

"ಅವರವ್ವಗರೆ ಹೇಳ್ಯಾರೇನು?"

ಸರಕಾರದ ಮಾತು, ಹೇಳಿರಲಿಕ್ಕಿಲ್ಲ ಎಂದು ಇವರು ತಮ್ಮ ಬುದ್ಧಿಗೆ ತೋಚಿದ್ದನ್ನು ಹೇಳಿ ಹೊರಗೆ ಹೋದರು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಸುರು ಮಾಡಿದಳು. ಅಣ್ಣ, ಐದು ತಿಂಗಳಿಂದ ಕೇಳದಿದ್ದ ಆ ದನಿ.

"ಯಾರ ಹಡದ ಮಗನೋ ನನ್ನಪ್ಪಾ, ಚುಕ್ಕಿ ಮುಟ್ಟಿ ಬಂದಿದ್ಯಲ್ಲೋ,
ಏರಾಕ ಬಂದಿತ್ತಲ್ಲೋ ನಿನಗ, ಇಳಿಯಾಕ ಬಂದಿತ್ತಲ್ಲೋ..."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗುರುಬಸವ್ವ ರಷ್ಯಾದವನಿಗೆ ಅಳುತ್ತಾಳಲ್ಲ ಎಂದು ಒಬ್ಬಿಬ್ಬರು ನಗು ತಡೆಯಲು ಬಾಯಿಗೆ ಸೆರಗು ಇಟ್ಟುಕೊಂಡರು. ಅವ್ವ ನಿಲ್ಲಲಿಲ್ಲ. ಆ ಹುಡುಗ ಎಳೆಯನಿದ್ದಾಗ ಗಿಡ ಹತ್ತಿದ್ದು ಬಂತು, ರೊಟ್ಟಿಗೆ ಕೆಂಪು ಚಟ್ನಿ ಕೇಳಿದ್ದು ಬಂತು. ರಷ್ಯಾದಲ್ಲಿ ಕೆಂಪು ಚಟ್ನಿ ಎಲ್ಲಿಂದ ಬರಬೇಕು? ವಿಮಾನ ಯಾವಾಗ ಮಂಚವಾಯಿತೋ ನನಗೂ ತಿಳಿಯಲಿಲ್ಲ.

"ಒಗ್ಗೂದಿಲ್ರೀ ಅಂದೆನಲ್ಲೋ ನನ ಕಂದಾ, ಕೈ ಎತ್ತಿ ಮುಗದೆನಲ್ಲೋ,
ಹೊರಗ ನಡಿಯವ್ವಾ ಅಂದ್ರಲ್ಲೋ, ಬಾಗಲಾ ಮುಚ್ಚಿದ್ರಲ್ಲೋ,
ಒಂದ ಸೂಜಿ ನಿನ್ನ ನುಂಗಿತಲ್ಲೋ, ಅವ್ವಾ ಅನ್ನಾಕ ನಾಲಿಗಿ ಹೊರಳಲಿಲ್ಲಲ್ಲೋ..."

ಆಗ ಯಾರೂ ನಗಲಿಲ್ಲ. ಎಲ್ಲ ಬಂತು ಅಣ್ಣ. ಕೋಗಿಲಬನದ ದದ್ದು, ನರ್ಸು, ಡಾಕ್ಟರರ ಗಡಿಬಿಡಿ, ಎಲ್ಲ. ಹೆಂಡ ಮೂಸದ ಮಗ ಎಂಬುದೂ ಬಂತು. ಸಕ್ಕುಬಾಯಿ ಎದ್ದು ಬಂದು ಅವ್ವನ ಕಾಲ ಹತ್ತಿರ ಕೂತು ತನ್ನ ಬಾಯಿಗೆ ತಾನೇ ಬಡಿದುಕೊಂಡು ಅತ್ತಳು. ನಾನು ಬಾಗಿಲಲ್ಲಿ ನಿಂತು ಶಿವಗಂಗವ್ವನನ್ನೇ ನೋಡುತ್ತಿದ್ದೆ. ಅವಳೂ ಅತ್ತಳು. ಅಳುತ್ತಲೇ ಕೇಳಿಸಿಕೊಂಡಳು.

ಮುಗಿದ ಮೇಲೆ ಅವ್ವ ಬೆಲ್ಲ ತಿಂದಳು. ಎರಡು ರೊಟ್ಟಿ ಉಂಡು ಮಲಗಿದವಳು ಹೊತ್ತೇರುವವರೆಗೆ ಏಳಲಿಲ್ಲ. ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಹಳಿಯಾಳಕ್ಕೆ ಸುದ್ದಿ ಮುಟ್ಟಿಯೇ ಮುಟ್ಟುತ್ತದೆ. ಕೂಸಿನ ಹಣದ ಗತಿ ಏನು, ನೀನೇ ಹೇಳು.

ನೀಲಕ್ಕ


ಜೊಯಿಡಾ
೧೬ ಏಪ್ರಿಲ್ ೧೯೬೮

ನೀಲಕ್ಕನಿಗೆ,

ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಮುಟ್ಟಿತು. ಬಸಲಿಂಗಯ್ಯನವರು ಆಳು ಕಳಿಸಿ ಕರೆಸಿದರು. ಈ ಸಲ ಚಹಾ ಬರಲಿಲ್ಲ. ನಿಮ್ಮ ತಾಯಿ ಮಾತಾಡಿದಳಂತೆ ಎಂದರು. ಮಾತಾಡಲಿಲ್ಲ, ರಷ್ಯಾದ ಹುಡುಗನಿಗೆ ಅತ್ತಳು, ಮುದುಕಿಯ ಅಳುವಿನಲ್ಲಿ ಏನೇನೋ ಬರುತ್ತದೆ ಎಂದುಬಿಟ್ಟೆ. ಅವರು ನನ್ನನ್ನೇ ನೋಡಿದರು. ಅವರಿಗೆ ಎಲ್ಲ ತಿಳಿದಿತ್ತು, ನನಗೂ ತಿಳಿದಿತ್ತು.

ಕಡೆಗೆ ಅವರೇ ದಾರಿ ತೋರಿಸಿದರು. ಡಾಕ್ಟರರಿಗೂ ಗದ್ದಲ ಬೇಡವಾಗಿದೆ. ಚಿಗಳ್ಳಿಯ ಮಠದಲ್ಲಿ ಐದು ಜನ ಹಿರಿಯರ ಮುಂದೆ, ವಿಭೂತಿ ಮುಟ್ಟಿ, "ಅಮಾವಾಸ್ಯೆಯ ದಿನ ನಾನು ಅತ್ತದ್ದು ರೇಡಿಯೋದಲ್ಲಿ ಸುದ್ದಿ ಬಂದ ಆ ರಷ್ಯಾದವನಿಗೆ" ಎಂದು ಅವ್ವ ಒಂದು ಮಾತು ಹೇಳಬೇಕು. ಅಷ್ಟಾದರೆ ಕಾಗದ ಮುರಿದಿಲ್ಲ. ಕೊಟ್ಟದ್ದು ಉಳಿಯುತ್ತದೆ, ಇನ್ನರ್ಧವೂ ಬರುತ್ತದೆ.

ಇದು ಸುಳ್ಳೇನಲ್ಲ ತಂಗಿ. ಅವಳು ಸುರು ಮಾಡಿದ್ದು ಅವನ ಸುದ್ದಿಯಿಂದಲೇ ಎಂದು ನೀನೇ ಬರೆದಿದ್ದೀ. ಅವಳ ಎದೆಯೂ ಹಗುರಾಯಿತು, ಹಣವೂ ಉಳಿಯಿತು. ಇದಕ್ಕಿಂತ ಒಳ್ಳೆಯದಾಗಿ ಬಗೆಹರಿಯುವುದುಂಟೇ? ಅವ್ವನಿಗೆ ಸಮಾಧಾನದಿಂದ ತಿಳಿಸಿ ಹೇಳು. ಮಾಲವ್ವನನ್ನೂ ಕೂಸನ್ನೂ ಅಲ್ಲಿಗೆ ಕಳಿಸುತ್ತಿದ್ದೇನೆ. ಕೂಸನ್ನು ಕಣ್ಣಾರೆ ಕಂಡರೆ ಅವ್ವ ಒಲ್ಲೆ ಎನ್ನಲಿಕ್ಕಿಲ್ಲ. ಬಸವ ಜಯಂತಿ ಮುಗಿದ ಕೂಡಲೇ ಹಿರಿಯರನ್ನು ಕರೆದುಕೊಂಡು ನಾನೂ ಬರುತ್ತೇನೆ.

ಶಂಕ್ರಪ್ಪ


ಚಿಗಳ್ಳಿ
೨೮ ಏಪ್ರಿಲ್ ೧೯೬೮

ಅಣ್ಣ,

ಅವ್ವ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ನನ್ನ ಮಾತು ಒಂದೂ ಸೇರಿಸಬಾರದು, ಅವಳ ಮಾತು ಒಂದೂ ತಿದ್ದಬಾರದು ಎಂದು ಎದುರಿಗೇ ಕೂತಿದ್ದಾಳೆ.

"ಶಂಕ್ರಪ್ಪಾ, ಚಂದಾಗಿದ್ದಿಯೇನಪಾ. ಕಾಡಿನಾಗ ನೀರು ಕಾಸಿ ಕುಡಿ.

ನೀ ಕಳಿಸಿದಂಗ ಮಾಲವ್ವ ಬಂದಾಳ, ಕೂಸು ಬಂದೈತಿ. ನೀಲಿ ನಿನ್ನ ಕಾಗದಾ ಇಬ್ಬರ ಮುಂದೂ ಓದಿ ಹೇಳಿದ್ಲು. ರೊಕ್ಕ ನಂದಲ್ಲ, ಮಾಲವ್ವನದು. ಅದಕ್ಕ ನಾ ಬಾಯಿ ತಗೀಲಿಲ್ಲ, ಮೊದಲ ಅಕಿನ್ನ ಕೇಳಿದೆ. ಅಕಿ ಭಾಳ ಹೊತ್ತು ಕೂಸಿನ ತಲಿ ನೇವರಿಸಿಕೋತ ಕುಂತ್ಲು. ಆಮ್ಯಾಲ, 'ಅತ್ತಿ, ನಾಳೆ ಇದು ದೊಡ್ಡದಾಗಿ ಅಪ್ಪ ಹೆಂಗ ಸತ್ತಾ ಅಂತ ಕೇಳಿದರ, ರೊಕ್ಕಾ ತಗೊಂಡೇವಿ ಹೇಳಾಕ ಬರೂದಿಲ್ಲ ಅನ್ಲೇನು' ಅಂದ್ಲು. ಅಂದು ಅಳಾಕ ಹತ್ತಿದ್ಲು. ಅಕಿಗೆ ಹಾಡ್ಯಾಡಿ ಅಳಾಕ ಬರೂದಿಲ್ಲಪಾ, ಸಣ್ಣಾಕಿ. ನಾ ಒಂದ ಮಾತು ಅಂದೆ, ಅಕಿ ಒಂದ ಮಾತು ಅಂದ್ಲು. ಹಂಗ ಇಬ್ಬರೂ ಕೂಡಿ ಅತ್ತೇವಿ, ಬಾಗಲಾ ತಗದ.

ಆ ರೊಕ್ಕಾ ಅಂಚಿ ಆಫೀಸಿನಾಗಿಂದ ತಗದು ಅವರಿಗೆ ತಿರುಗಿ ಕೊಡು. ಮಾಲವ್ವ ದುಡಿತೇನಿ ಅಂತಾಳ, ನಂದೂ ಕೈ ಗಟ್ಟಿ ಅದಾವು. ಕೋರ್ಟಿಗೆ ಹೋಗೂದು ಬಿಡೂದು ನಿನ್ನ ಮ್ಯಾಲ ಬಿಟ್ಟದ್ದು, ನಾ ಏನೂ ಅನ್ನೂದಿಲ್ಲ. ನೀ ಕೂಸಿನ ಸಲುವಾಗಿ ಮಾಡಿದಿ, ಅದು ನನಗ ಗೊತ್ತೈತಿ. ನಿನ್ನ ಮ್ಯಾಲ ಸಿಟ್ಟಿಲ್ಲ.

ಆದರ ಒಂದ ಮಾತು. ನಾ ರಷ್ಯಾದಾಂವಗ ಅತ್ತೆ ಅಂತ ಯಾರ ಮುಂದೂ ಹೇಳಬ್ಯಾಡ. ಆ ಹುಡುಗಗ ಅವರವ್ವ ಅಳತಾಳ, ಅದು ಅಕಿನ ಪಾಲಿಂದು, ನಾ ಯಾಕ ಕಸಗೊಳ್ಳಿ. ನಾ ಅತ್ತಿದ್ದು ನನ್ನ ಗೂಳಪ್ಪಗ.

ಹಿರ್‍ಯಾರನ್ನ ಕರಕೊಂಡು ಬರತೇನಿ ಅಂದಿಯಲ್ಲಾ, ಬಾ. ಬಸಲಿಂಗಯ್ಯನವರನ್ನ ಕರಕೊಂಡು ಬಾ, ಡಾಕ್ಟರ್ ಬರತೇನಿ ಅಂದರ ಅವರನ್ನೂ ಕರಕೊಂಡು ಬಾ. ಬಂದವರಿಗೆಲ್ಲಾ ಊಟಕ್ಕ ಮಾಡತೇನಿ. ವಿಭೂತಿ ತರಲಿ. ಯಾರಿಗೆ ಅತ್ತೆ, ಯಾಕ ಅತ್ತೆ, ಮುಟ್ಟಿ ಹೇಳತೇನಿ."

ಹೇಳಿ ಬರೆಸಿದವಳು
ನಿನ್ನ ತಾಯಿ ಗುರುಬಸವ್ವ